ರೆಕಾರ್ಡ್ ಬುಕ್ಕೂ ವೆಸಾಲಿಯಸ್‌ನ ಅಸ್ಥಿಪಂಜರವೂ

ನಾಲ್ಕನೇ ಸೆಮಿಸ್ಟರಿನ ಲ್ಯಾಬ್ ಪರೀಕ್ಷೆ. ನನಗೆ ಬಂದದ್ದು ಟಾರ್ಷನ್ ಟೆಸ್ಟ್. ರೆಕಾರ್ಡಿನಲ್ಲಿ ಸರಳಿನ ವ್ಯಾಸ 12 ಮಿ.ಮೀ. ಎಂದು ಬರೆದಿದ್ದೆ. ಎಕ್ಸ್‌ಟರ್ನಲ್ ಸರ್ ಮಾತಾಡದೆ ವರ್ನಿಯರ್ ನನ್ನ ಕೈಗಿಟ್ಟರು. ಅಳೆದರೆ 10! ನನ್ನದೊಂದೇ ಅಲ್ಲ, ಇಡೀ ಬ್ಯಾಚಿನ ರೆಕಾರ್ಡಿನಲ್ಲೂ 12 ಎಂದೇ ಇತ್ತು. ನಾವೆಲ್ಲ ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆದಿದ್ದೆವು. ಅವರು ಅವರ ಸೀನಿಯರ್‌ಗಳದ್ದು ನೋಡಿದ್ದರು. ಸರಳು ಬದಲಾದದ್ದು ಯಾವ ವರ್ಷವೋ, ಯಾರೂ ಗಮನಿಸಿರಲಿಲ್ಲ. ಪಾಸಾಗುವಷ್ಟು ಅಂಕ ಬಂತು. ಆದರೆ ಸರ್ ಮುಂದೆ ತಲೆ ಎತ್ತಲಾಗಲಿಲ್ಲ.

ಆ ರಜೆಯಲ್ಲಿ ನರ್ಸಿಂಗ್ ಓದುವ ಅಕ್ಕನ ಪುಸ್ತಕ ತಿರುವಿಹಾಕುವಾಗ ಸಿಕ್ಕವನು ಆಂಡ್ರಿಯಾಸ್ ವೆಸಾಲಿಯಸ್. 1514ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದವನು. ಆಗ ಯುರೋಪಿನ ವೈದ್ಯಕೀಯಕ್ಕೆಲ್ಲ ಒಂದೇ 'ಸೀನಿಯರ್ ರೆಕಾರ್ಡ್' ಇತ್ತು. ಅದು ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲನ್ ಬರೆದದ್ದು. ಮೇಷ್ಟರು ಎತ್ತರದ ಪೀಠದಲ್ಲಿ ಕುಳಿತು ಗೇಲನ್‌ನನ್ನು ಓದುವುದು, ಕೆಳಗೆ ಕ್ಷೌರಿಕ ಶವ ಕೊಯ್ಯುವುದು, ಹುಡುಗರು ದೂರದಿಂದ ನೋಡುವುದು. ಇದೇ ಪಾಠ.

ಪ್ಯಾರಿಸ್‌ನಲ್ಲಿ ಓದುವಾಗ ವೆಸಾಲಿಯಸ್ ಸ್ಮಶಾನದಲ್ಲಿ ರಾಶಿ ಬಿದ್ದಿದ್ದ ಮೂಳೆಗಳ ನಡುವೆ ಗಂಟೆಗಟ್ಟಲೆ ಕಳೆಯುತ್ತಿದ್ದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬರೀ ಮುಟ್ಟಿ ಇದು ಯಾವ ಮೂಳೆ ಎಂದು ಹೇಳುವ ಪಂದ್ಯ ಗೆಳೆಯರೊಡನೆ! 1536ರಲ್ಲಿ ಯುದ್ಧದಿಂದಾಗಿ ಪ್ಯಾರಿಸ್ ಬಿಟ್ಟು ಲೂವೆನ್‌ಗೆ ಬಂದ. ಊರಾಚೆ ಗಲ್ಲುಗಂಬದಲ್ಲಿ ಹಕ್ಕಿಗಳು ತಿಂದು ಬಿಟ್ಟ ಅಸ್ಥಿಪಂಜರವೊಂದು ಕಣ್ಣಿಗೆ ಬಿತ್ತು. ಸರಪಳಿಗೆ ಬಿಗಿದಿದ್ದ ಅದನ್ನು ತುಂಡುತುಂಡಾಗಿ ಕದ್ದು ಮನೆಗೆ ಸಾಗಿಸಿ, ಜೋಡಿಸಿ, ಕೇಳಿದವರಿಗೆ ಪ್ಯಾರಿಸ್‌ನಿಂದ ತಂದದ್ದು ಎಂದುಬಿಟ್ಟ. ಆಗ ಅವನಿಗೆ ನನಗಿಂತ ಒಂದೆರಡು ವರ್ಷ ಹೆಚ್ಚು, ಅಷ್ಟೆ.

1537ರ ಡಿಸೆಂಬರಿನಲ್ಲಿ ಪಡುವಾದಲ್ಲಿ ಪದವಿ ಸಿಕ್ಕಿತು. ಮರುದಿನವೇ ಅಲ್ಲಿ ಮೇಷ್ಟರ ಕೆಲಸ! ಆತ ಪೀಠದಿಂದ ಕೆಳಗಿಳಿದು ತಾನೇ ಚಾಕು ಹಿಡಿದ. ಆದರೂ 1538ರಲ್ಲಿ ಅಚ್ಚು ಹಾಕಿಸಿದ ಚಿತ್ರಗಳಲ್ಲಿ ಮನುಷ್ಯನ ಯಕೃತ್ತಿಗೆ ಐದು ಹಾಲೆಗಳಿದ್ದವು. ಗೇಲನ್ ಹಾಗೆ ಹೇಳಿದ್ದ, ಈತ ಹಾಗೇ ಬಿಡಿಸಿದ್ದ. ಇದನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಯಿತು ಅಂತೀರಿ! ಅವನೂ ಒಮ್ಮೆ ಕಾಪಿ ಹೊಡೆದವನೇ.

ವ್ಯತ್ಯಾಸ ಇರುವುದು ಮುಂದಿನದರಲ್ಲಿ. 1540ರಲ್ಲಿ ಬೊಲೋನ್ಯಾದಲ್ಲಿ ಮನುಷ್ಯನ ಮತ್ತು ಕೋತಿಯ ಅಸ್ಥಿಪಂಜರಗಳನ್ನು ಅಕ್ಕಪಕ್ಕ ನಿಲ್ಲಿಸಿದ. ಗೇಲನ್‌ನ ವಿವರಣೆ ಹೊಂದುತ್ತಿದ್ದದ್ದು ಕೋತಿಗೆ! ಗೇಲನ್ ಕೊಯ್ದು ನೋಡಿದ್ದೇ ಪ್ರಾಣಿಗಳನ್ನು. ಆತ ಎರಡೆಂದಿದ್ದ ಕೆಳದವಡೆಯ ಮೂಳೆ ಮನುಷ್ಯನಲ್ಲಿ ಒಂದೇ. ಏಳು ಭಾಗವೆಂದಿದ್ದ ಎದೆಮೂಳೆಗೆ ಮೂರೇ ಭಾಗ. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ 'ಫ್ಯಾಬ್ರಿಕಾ' ಎಂಬ ಮಹಾಗ್ರಂಥದಲ್ಲಿ ಇದೆಲ್ಲವನ್ನೂ ಬರೆದ. ಹಿಂದೆ ಗೇಲನ್‌ನನ್ನು ಕಣ್ಣುಮುಚ್ಚಿ ನಂಬಿದ ತನ್ನ ದಡ್ಡತನವನ್ನೂ ಒಪ್ಪಿಕೊಂಡ.

ಆ ಗ್ರಂಥದ ಏಳು ಸಂಪುಟಗಳಲ್ಲಿ ಮೊದಲನೆಯದೇ ಮೂಳೆಗಳದ್ದು. ಮೆಕ್ಯಾನಿಕಲ್ ಓದುವ ನನಗೆ ಇದು ಸರಿಯೆನಿಸುತ್ತದೆ. ಮೊದಲು ಚೌಕಟ್ಟು, ಆಮೇಲೆ ಉಳಿದದ್ದು. ನಮ್ಮ 206 ಮೂಳೆಗಳನ್ನೇ ನೋಡಿ. ಮೈಭಾರ ಹೊರುವ ತೊಡೆಮೂಳೆಯ ನಡುಭಾಗ ಟೊಳ್ಳು ಕೊಳವೆ. ಅಷ್ಟೇ ತೂಕದ ಗಟ್ಟಿ ಸರಳಿಗಿಂತ ಕೊಳವೆ ಬಾಗುವುದಕ್ಕೂ ತಿರುಚುವುದಕ್ಕೂ ಹೆಚ್ಚು ತಡೆ ಒಡ್ಡುತ್ತದೆ. ಮಿದುಳಿಗೆ ಗುಮ್ಮಟದಂಥ ತಲೆಬುರುಡೆ. ಹೃದಯ, ಶ್ವಾಸಕೋಶಗಳಿಗೆ ಪಕ್ಕೆಲುಬಿನ ಪಂಜರ. ಉಸಿರಾಡುವಾಗ ಅದು ಹಿಗ್ಗಬೇಕಲ್ಲ, ಅದಕ್ಕೇ ಮುಂಭಾಗದಲ್ಲಿ ಮೃದ್ವಸ್ಥಿಯ ಜೋಡಣೆ. ಬೆನ್ನುಮೂಳೆ ಬಿಡಿಬಿಡಿಯಾಗಿರುವುದರಿಂದ ನಾವು ಬಾಗಬಲ್ಲೆವು. ಅದರ ನಡುವಿನ ಕಾಲುವೆಯಲ್ಲಿ ಮಿದುಳುಬಳ್ಳಿ ಸುರಕ್ಷಿತ.

ವೆಸಾಲಿಯಸ್‌ಗೆ ಹೊಗಳಿಕೆಯಷ್ಟೇ ಸಿಗಲಿಲ್ಲ. ಪ್ಯಾರಿಸ್‌ನ ಅವನ ಗುರು ಸಿಲ್ವಿಯಸ್ ಶಿಷ್ಯನ ಮೇಲೆಯೇ ತಿರುಗಿಬಿದ್ದ. ಗೇಲನ್ ತಪ್ಪಿಲ್ಲ, ಅಂದಿನಿಂದ ಇಂದಿಗೆ ಮನುಷ್ಯನ ದೇಹವೇ ಬದಲಾಗಿದೆ ಎಂದು ವಾದಿಸಿದ. ವೆಸಾಲಿಯಸ್ ಪಾಠ ಬಿಟ್ಟು ಚಕ್ರವರ್ತಿ ಐದನೇ ಚಾರ್ಲ್ಸ್‌ನ ಆಸ್ಥಾನ ವೈದ್ಯನಾದ. 1564ರಲ್ಲಿ ಜೆರುಸಲೇಂ ಯಾತ್ರೆಯಿಂದ ಮರಳುವಾಗ ಗ್ರೀಸಿನ ಜಕಿಂಥೋಸ್ ದ್ವೀಪದಲ್ಲಿ ತೀರಿಕೊಂಡ. 1543ರಲ್ಲಿ ಆತ ಬಾಸೆಲ್‌ನಲ್ಲಿ ಜೋಡಿಸಿದ ಅಸ್ಥಿಪಂಜರ ಮಾತ್ರ ಇಂದಿಗೂ ಅಲ್ಲಿನ ಮ್ಯೂಸಿಯಂನಲ್ಲಿ ನಿಂತಿದೆ.

ಐದನೇ ಸೆಮಿಸ್ಟರ್ ಶುರುವಾಗಿದೆ. ಮೊದಲ ಪ್ರಯೋಗದಲ್ಲಿ ನನ್ನ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲ. ಪಕ್ಕದವನು ಸೀನಿಯರ್ ರೆಕಾರ್ಡ್ ನನ್ನತ್ತ ಸರಿಸಿದ. ನಾನು ಇನ್ನೊಮ್ಮೆ ಅಳೆದೆ, ಮತ್ತೆ ಅದೇ ಬಂತು. ಬಂದದ್ದನ್ನೇ ಬರೆದು, ವ್ಯತ್ಯಾಸ ಏಕಿರಬಹುದು ಎಂದು ಕೆಳಗೆ ಎರಡು ಸಾಲು ಸೇರಿಸಿದೆ. ಎಷ್ಟು ಅಂಕ ಬರುತ್ತದೋ ಗೊತ್ತಿಲ್ಲ. ಆದರೆ ಈ ಸಲ ಯಾರಾದರೂ ವರ್ನಿಯರ್ ಕೈಗಿಟ್ಟರೆ ಭಯವಿಲ್ಲ.