ಗಾಮಾನ ಕೆಳಗೆ ಎರಡೂವರೆ ಗಂಟೆ!

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆಯನ್ನು ನಮ್ಮ ಜನ ಗೇಲಿಗೇ ಬಳಸೋದು. ಚುನಾವಣೆಯಲ್ಲಿ ಠೇವಣಿ ಕಳಕೊಂಡವನಿಗೆ, ಅಂಗಡಿಗೆ ಬೀಗ ಹಾಕಿಯೂ ಜಂಭ ಬಿಡದವನಿಗೆ. ಆದರೆ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯ ಕುಸ್ತಿಯನ್ನು ಭದ್ರಾವತಿಯಿಂದ ಬಸ್ಸು ಹತ್ತಿ ಬಂದು ನೋಡಿದವರಿಗೆ ಗೊತ್ತು, ಕೆಳಗೆ ಬಿದ್ದವನು ಸೋತವನಲ್ಲ. ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಮಾತ್ರ ಸೋಲು. ಮಂಡಿ, ಅಂಗೈ, ಹೊಟ್ಟೆ, ಬೇಕಾದರೆ ಮೀಸೆಯೂ ಮಣ್ಣಾಗಲಿ, ಆಟ ಇನ್ನೂ ಬಾಕಿ ಇದೆ ಅಂತಲೇ ಲೆಕ್ಕ.

ಈ ಲೆಕ್ಕವನ್ನು ಲಂಡನ್ನಿನಲ್ಲಿ ಒಬ್ಬ ಚೆನ್ನಾಗಿ ಬಳಸಿಕೊಂಡ. ಅವನ ಮೇಲೆ ಕೂತಿದ್ದವನು ನಮ್ಮ ಗಾಮಾ ಪೈಲ್ವಾನ್.

ಗಾಮಾನ ಪೂರ್ತಿ ಹೆಸರು ಗುಲಾಮ್ ಮಹಮ್ಮದ್ ಬಕ್ಷ್. ಹುಟ್ಟಿದ್ದು 1878ರಲ್ಲಿ. ತಂದೆಯೂ ಪೈಲ್ವಾನರೇ, ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ಸಾಕಿ ಸಾಮು ಕಲಿಸಿದ್ದು ತಾಯಿ ಕಡೆಯವರು. ಹತ್ತು ವರ್ಷದ ಹುಡುಗ ಜೋಧಪುರದ ಮಹಾರಾಜರೆದುರು ನಡೆದ ಬಸ್ಕಿ ಪಂದ್ಯದಲ್ಲಿ ದೊಡ್ಡ ದೊಡ್ಡ ಜಟ್ಟಿಗಳ ಜೊತೆ ಕೊನೆವರೆಗೂ ನಿಂತು ಬಹುಮಾನ ಹೊಡೆದ. ಹದಿನೇಳರ ಹೊತ್ತಿಗೆ ಏಳಡಿ ಹತ್ತಿರದ ರಹೀಮ್ ಬಕ್ಷ್ ಸುಲ್ತಾನಿವಾಲಾ ಜೊತೆ ಸೆಣಸಿ ಸಮ ಮಾಡಿಕೊಂಡ. ಗಾಮಾ ಇದ್ದದ್ದು ಐದಡಿ ಏಳಿಂಚು ಅಷ್ಟೇ!

ಈ ಎತ್ತರವೇ ಲಂಡನ್ನಿನಲ್ಲಿ ಅಡ್ಡಿಯಾಯ್ತು. 1910ರಲ್ಲಿ ತಮ್ಮ ಇಮಾಮ್ ಬಕ್ಷ್ ಜೊತೆ ಹಡಗು ಹತ್ತಿ ಹೋದರೆ, ಆಳು ಗಿಡ್ಡ ಅಂತ ಪಂದ್ಯಕ್ಕೇ ಸೇರಿಸಲಿಲ್ಲ. ಗಾಮಾ ಸುಮ್ಮನೆ ಕೂರಲಿಲ್ಲ. ಯಾರೇ ಮೂವರು ಬರಲಿ, ಅರ್ಧ ಗಂಟೆಯಲ್ಲಿ ಕೆಡವುತ್ತೇನೆ ಅಂತ ಬಹಿರಂಗ ಸವಾಲು ಹಾಕಿದ. ಅಮೆರಿಕದ ಡಾಕ್ಟರ್ ರೋಲರ್ ಬಂದು ಚಿತ್ ಆಗಿ ಹೋದ. ಆಮೇಲೆ ಬಾಗಿಲು ತೆರೆಯಿತು.

ಸೆಪ್ಟೆಂಬರ್ 10ರಂದು ಎದುರಿಗೆ ನಿಂತವನು ಪೋಲೆಂಡಿನ ಸ್ಟಾನಿಸ್ಲಾಸ್ ಝಬಿಸ್ಕೋ. ಗಾಮಾನಿಗಿಂತ ಇಪ್ಪತ್ತು ಕೇಜಿ ಹೆಚ್ಚೇ ತೂಗುತ್ತಿದ್ದ ಆಸಾಮಿ. ಮೊದಲ ನಿಮಿಷದಲ್ಲೇ ಗಾಮಾ ಅವನನ್ನು ಕೆಡವಿದ. ಅಷ್ಟೇ ನೋಡಿ, ಝಬಿಸ್ಕೋ ಏಳುವ ಗೋಜಿಗೇ ಹೋಗಲಿಲ್ಲ. ಕೈ, ಮಂಡಿ, ಹೊಟ್ಟೆ ನೆಲಕ್ಕೆ ಕಚ್ಚಿ ಆಮೆಯ ಹಾಗೆ ಬಿದ್ದುಕೊಂಡ. ಗಾಮಾ ಎಳೆದ, ಮಗುಚಿದ, ಕಾಲು ಹಿಡಿದ, ಕುತ್ತಿಗೆ ಹಿಡಿದ. ಎರಡೂವರೆ ಗಂಟೆ ದಾಟಿತು. ಬೆನ್ನು ತಿರುಗಲಿಲ್ಲ. ಕಡೆಗೆ ಸಮ ಅಂತ ಸಾರಿ ಜನರನ್ನು ಮನೆಗೆ ಕಳಿಸಿದರು.

ಅವನು ಏಳಬಾರದಿತ್ತೇ ಅಂತ ಕೇಳುವವರು ಗರಡಿಗೆ ಇಳಿದವರಲ್ಲ. ಮೇಲಿನವನ ಭಾರ ಸೊಂಟದ ಮೇಲಿರುತ್ತೆ. ಮೊದಲು ಮಂಡಿ ಊರಿ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಳ್ಳಬೇಕು. ಸೊಂಟಕ್ಕೆ ಬಿಗಿದ ಅವನ ಮಣಿಕಟ್ಟು ಹಿಡಿಯಬೇಕು. ತಲೆ ಎತ್ತಿ, ಬೆನ್ನಿನಿಂದ ಅವನನ್ನೇ ಹಿಂದಕ್ಕೆ ಒತ್ತುತ್ತಾ ಒಂದು ಪಾದ ಊರಬೇಕು, ಆಮೇಲೆ ಇನ್ನೊಂದು. ನಿಂತ ಕೂಡಲೇ ಹಿಡಿತ ಬಿಡಿಸಿ ಮುಖಾಮುಖಿ ತಿರುಗಬೇಕು. ಗಂಡಾಂತರ ಇರೋದು ಮೊದಲ ಪಾದ ಊರುವ ಗಳಿಗೆಯಲ್ಲಿ. ಮೈಭಾರ ಒಂದೇ ಕಾಲಿಗೆ ಬಿದ್ದಿರುತ್ತೆ, ಪಕ್ಕೆ ತೆರೆದಿರುತ್ತೆ. ಗಾಮಾನಂಥವನಿಗೆ ಅಷ್ಟು ಸಾಕು, ಮಗುಚಿ ಹಾಕುತ್ತಾನೆ. ಝಬಿಸ್ಕೋಗೆ ಇದು ಗೊತ್ತಿತ್ತು. ನನ್ನನ್ನು ಕೇಳಿದರೆ ಅದು ಹೇಡಿತನಕ್ಕಿಂತ ಲೆಕ್ಕಾಚಾರ. ನೋಡೋಕೆ ಮಾತ್ರ ಅಸಹ್ಯ, ಅದು ಬೇರೆ ಮಾತು. ಈಗಿನ ಮ್ಯಾಟ್ ಕುಸ್ತಿಯಲ್ಲಾದರೆ ಕೆಡವಿದ್ದಕ್ಕೇ 2 ಅಂಕ, ಮೇಲಿನವನಿಂದ ಏನೂ ಆಗದಿದ್ದರೆ ರೆಫರಿಯೇ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಾನೆ. ಆಗ ಅದಿರಲಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಎರಡೂವರೆ ಗಂಟೆ ಮೇಲೆ ಕೂತೂ ಗಾಮಾನ ಕೈಯಲ್ಲಿ ಅವನನ್ನು ತಿರುಗಿಸೋಕೆ ಆಗಲಿಲ್ಲ ಅನ್ನೋದೂ ನಿಜವೇ. ಗಾಮಾನ ಭಕ್ತರು ಇದನ್ನು ಹೇಳೋದು ಕಡಿಮೆ.

ವಾರ ಬಿಟ್ಟು ಸೆಪ್ಟೆಂಬರ್ 17ಕ್ಕೆ ಮತ್ತೆ ಜೋಡಿ ಗೊತ್ತಾಯ್ತು. ಝಬಿಸ್ಕೋ ಬರಲೇ ಇಲ್ಲ! ಜಾನ್ ಬುಲ್ ಪಟ್ಟಿ ಗಾಮಾನ ಸೊಂಟಕ್ಕೆ ಬಂತು. ಊರಿಗೆ ಬಂದವನು ಅಲಹಾಬಾದಿನಲ್ಲಿ ರಹೀಮ್ ಬಕ್ಷ್‌ನನ್ನೂ ಸೋಲಿಸಿ ಹಳೇ ಬಾಕಿ ತೀರಿಸಿದ.

ಝಬಿಸ್ಕೋ ಅಲ್ಲಿಗೇ ಮುಗಿದ ಅಂದುಕೊಳ್ಳಬೇಡಿ. ಅಮೆರಿಕಕ್ಕೆ ಹೋಗಿ 1921ರಲ್ಲಿ ವಿಶ್ವ ಚಾಂಪಿಯನ್ ಪಟ್ಟ ಹಿಡಿದ, 1925ರಲ್ಲಿ ಮತ್ತೊಮ್ಮೆ. 1928ರಲ್ಲಿ ಪಟಿಯಾಲಾ ಮಹಾರಾಜರ ಅಖಾಡಕ್ಕೆ ಬಂದು ಗಾಮಾನ ಎದುರು ಸರಿಯಾಗಿ ಎದ್ದು ನಿಂತ. ಇಬ್ಬರಿಗೂ ಐವತ್ತರ ಹತ್ತಿರ ವಯಸ್ಸು. ಒಂದು ನಿಮಿಷವೂ ಆಗಲಿಲ್ಲ, ಬೆನ್ನು ಮಣ್ಣಿಗೆ ಬಿತ್ತು. ಮಲಗಿದಾಗ ಎರಡೂವರೆ ಗಂಟೆ ಉಳಿದವನು, ನಿಂತಾಗ ನಿಮಿಷದೊಳಗೆ ಹೋದ.

1947ರಲ್ಲಿ ದೇಶ ಹೋಳಾದಾಗ ಗಾಮಾ ಲಾಹೋರಿನಲ್ಲಿದ್ದ. ಗಲಭೆಯ ದಿನಗಳಲ್ಲಿ ತನ್ನ ಬೀದಿಯ ಹಿಂದೂ ಮನೆಗಳಿಗೆ ಕಾವಲು ನಿಂತ. ಅರವತ್ತೊಂಬತ್ತು ವಯಸ್ಸಾಗಿದ್ದರೂ ಆ ಮೈ ಎದುರು ಬರೋ ಧೈರ್ಯ ಯಾರಿಗಿತ್ತು? ಆದರೆ ಸಾಕುತ್ತಿದ್ದ ರಾಜರುಗಳು ಗಡಿಯ ಈಚೆ ಉಳಿದರು, ಅವರ ರಾಜ್ಯಗಳೂ ಮುಗಿದವು. ಕೊನೆಗಾಲಕ್ಕೆ ಕಾಯಿಲೆ, ಕೈಯಲ್ಲಿ ಕಾಸಿಲ್ಲ. ಸುದ್ದಿ ತಿಳಿದು ಭಾರತದಿಂದ ಹಣ ಕೊಟ್ಟವರು ಉದ್ಯಮಿ ಜಿ. ಡಿ. ಬಿರ್ಲಾ, ಅವರಿಗೆ ಕುಸ್ತಿ ಹುಚ್ಚು. 1960ರ ಮೇ 23ರಂದು ಲಾಹೋರಿನಲ್ಲೇ ಗಾಮಾ ಕಣ್ಣು ಮುಚ್ಚಿದ.