ಪುಣೆಯ ನೀರು ಕಾಯ್ದ ಕನ್ನಡಿಗ

ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ಪುಣೆಯ ಕನ್ನಡಿಗರಾದ ನಾವು ಅವಶ್ಯವಾಗಿ ಸ್ಮರಿಸಬೇಕಾದ ಮಹನೀಯರು ಸರ್ ಎಂ. ವಿಶ್ವೇಶ್ವರಯ್ಯನವರು. ಕನ್ನಂಬಾಡಿಯೊಡನೆ ಅವರ ಹೆಸರನ್ನು ಹೇಳುವುದು ವಾಡಿಕೆ. ಆದರೆ ಅವರ ವಿದ್ಯೆ ಪೂರ್ಣಗೊಂಡದ್ದೂ ಕೈ ಪಳಗಿದ್ದೂ ಈ ಸೀಮೆಯಲ್ಲಿಯೇ ಎಂಬುದನ್ನು ನಮ್ಮಲ್ಲಿ ಹಲವರು ಮರೆತಿದ್ದೇವೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದ ಅವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಬಂದರು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಮುಠಾ ನದಿಯ ಖಡಕವಾಸ್ಲಾ ಕಟ್ಟೆಯೇ ಆಗ ಪುಣೆಯ ಜೀವಾಳ. ಮಳೆಗಾಲದಲ್ಲಿ ಕೋಡಿ ಹರಿದು ನೀರು ಪೋಲಾಗುವುದು. ಬೇಸಿಗೆಯಲ್ಲಿ ಅದೇ ನೀರಿಗಾಗಿ ಪರದಾಟ. ಕಟ್ಟೆಯನ್ನು ಎತ್ತರಿಸುವುದು ದುಬಾರಿ. ಕೋಡಿಯನ್ನು ಸುಮ್ಮನೆ ಮುಚ್ಚಿದರೋ, ಮಹಾಪೂರ ಬಂದ ರಾತ್ರಿ ಕಟ್ಟೆಗೇ ಅಪಾಯ. ಕಾವಲುಗಾರನ ಎಚ್ಚರವೊಂದನ್ನೇ ನಂಬಿ ಊರು ನಿದ್ರಿಸಲಾದೀತೇ? ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಅವು ತಾವಾಗಿ ತೆರೆದುಕೊಳ್ಳುವುವು, ಇಳಿದೊಡನೆ ಮುಚ್ಚಿಕೊಳ್ಳುವುವು. 1903ರಲ್ಲಿ ಅವನ್ನು ಖಡಕವಾಸ್ಲಾದಲ್ಲಿ ಅಳವಡಿಸಲಾಯಿತು. ಕಟ್ಟೆ ಎತ್ತರವಾಗದೆಯೇ ಸಂಗ್ರಹ ಹೆಚ್ಚಿತು. ಮುಂದೆ ಗ್ವಾಲಿಯರಿನ ತಿಗ್ರಾದಲ್ಲಿಯೂ ಕನ್ನಂಬಾಡಿಯಲ್ಲಿಯೂ ಇದೇ ಬಗೆಯ ಬಾಗಿಲುಗಳು ನಿಂತವು.

ಈ ವಿಧಾನಕ್ಕೆ ಅವರಿಗೆ ಪೇಟೆಂಟ್ ದೊರೆಯಿತು. ಗೌರವಧನ ಕೊಡಲು ಸರ್ಕಾರವೂ ಸಿದ್ಧವಿತ್ತು. ಸರ್ಕಾರಿ ಸೇವೆಯಲ್ಲಿದ್ದುಕೊಂಡು ಮಾಡಿದ ಕೆಲಸಕ್ಕೆ ಬೇರೆ ಹಣ ಪಡೆಯಲು ಅವರು ಒಪ್ಪಲಿಲ್ಲ. ನೀರಿಗೆ ಹಾಕಿದ ಅಂಕೆಯನ್ನು ತಮಗೂ ಹಾಕಿಕೊಂಡಿದ್ದ ಮನುಷ್ಯ ಅವರು! 1908ರ ಮೂಸಿ ಮಹಾಪೂರದ ನಂತರ ಹೈದರಾಬಾದಿಗೆ ಹೋಗಿ ಅವರು ರೂಪಿಸಿದ ಯೋಜನೆಯಲ್ಲಿಯೂ ಅಪಾಯವನ್ನು ಮೊದಲೇ ಎಣಿಸುವ ಈ ಬುದ್ಧಿಯೇ ಕಾಣುತ್ತದೆ.

ಅದನ್ನು ಮರೆತರೆ ಏನಾದೀತೆಂಬುದನ್ನು ಪುಣೆ ಕಣ್ಣಾರೆ ಕಂಡಿದೆ. 1961ರ ಜುಲೈ 12ರಂದು, ಕೆಲಸ ಪೂರ್ಣವಾಗುವ ಮುನ್ನವೇ ನೀರು ತುಂಬಿಕೊಂಡಿದ್ದ ಪಾನಶೇತ್ ಕಟ್ಟೆ ಒಡೆಯಿತು. ಆ ರಭಸಕ್ಕೆ ಕೆಳಗಿನ ಖಡಕವಾಸ್ಲಾ ಕಟ್ಟೆಯೂ ಬಿರಿದು, ನಗರದ ಪೇಠೆಗಳು ಮುಳುಗಿದವು. ಮರುವರ್ಷವೇ ವಿಶ್ವೇಶ್ವರಯ್ಯನವರು ಕಾಲವಾದರು.

ಮಳೆಗಾಲದ ಮೊದಲೂ ಅನಂತರವೂ ಅಣೆಕಟ್ಟುಗಳನ್ನು ಅವುಗಳ ಒಡೆಯರೇ ಪರೀಕ್ಷಿಸಬೇಕೆಂದು 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ವಿಧಿಸಿದೆ. ಅದು ಒಳ್ಳೆಯದೇ. ಆದರೆ ಕಾಯಿದೆ ಬಂದು ಕೇಳುವ ಮೊದಲೇ ಕಟ್ಟುವವನು ತನ್ನನ್ನು ತಾನು ಕೇಳಿಕೊಳ್ಳಬೇಕು. ನಲ್ಲಿ ತಿರುಗಿಸುವಾಗ ನಾವು ಈ ಹಿರಿಯರನ್ನು ಒಮ್ಮೆ ನೆನೆಯೋಣ. ನಮ್ಮ ಮಕ್ಕಳಲ್ಲಿ ಇಂಜಿನಿಯರಾಗುವವರಿಗೆ ಈ ಕಥೆಯನ್ನು ತಪ್ಪದೆ ಹೇಳೋಣ.