ಕಣ್ಣಿನ ವೈದ್ಯ ಡಾ. ಮೋದಿ

ಬಾಗಲಕೋಟೆಗೆ ಅನತಿ ದೂರದಲ್ಲಿ ಬೀಳಗಿ ಎಂಬ ಊರಿದೆ. ಅಂದು ಅದು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿತ್ತು. 1916ರಲ್ಲಿ ಅಲ್ಲಿ ಜನಿಸಿದ ಮುರುಗೆಪ್ಪ ಚನ್ನವೀರಪ್ಪ ಮೋದಿಯವರು ಮುಂದೆ ಲಕ್ಷಾಂತರ ಜನರಿಗೆ ದೃಷ್ಟಿಯನ್ನು ಮರಳಿ ತಂದುಕೊಟ್ಟರು.

ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬಂದರೆ ಇಳಕಲ್ಲಿನ ನೇಕಾರನಿಗೆ ಮಗ್ಗದ ಎಳೆ ಕಾಣದು. ಹುನಗುಂದ, ಬಾದಾಮಿ ಕಡೆಯ ರೈತನಿಗೆ ಹೊಲದ ಹಾದಿ ಕಾಣದು. ಹಣೆಬರಹವೆಂದು ಮೂಲೆ ಹಿಡಿದು ಕೂಡುವವರೇ ಆಗ ಹೆಚ್ಚು. ಪೊರೆಯೆಂದರೆ ಕಣ್ಣಿನೊಳಗಿನ ಮಸೂರವು ಮಬ್ಬಾಗುವುದು. ಅದನ್ನು ತೆಗೆದು ದಪ್ಪ ಗಾಜಿನ ಕನ್ನಡಕವನ್ನು ಕೊಟ್ಟರೆ ದೃಷ್ಟಿ ಮರಳುತ್ತಿತ್ತು. ಆದರೆ ಆಸ್ಪತ್ರೆಗಳಿದ್ದುದು ದೂರದ ಪಟ್ಟಣಗಳಲ್ಲಿ. ಕಣ್ಣು ಕಾಣದ ಬಡವನನ್ನು ಅಲ್ಲಿಗೆ ಕರೆದೊಯ್ಯುವವರಾರು? ರೋಗಿಯು ಬಾರದಿದ್ದರೆ ವೈದ್ಯನೇ ಅವನಿದ್ದಲ್ಲಿಗೆ ಹೋಗಬೇಕೆಂಬುದು ಮೋದಿಯವರ ಮಾರ್ಗವಾಯಿತು.

1943ರಿಂದ ಅವರು ಊರೂರು ಸುತ್ತಿ ಉಚಿತ ನೇತ್ರಚಿಕಿತ್ಸಾ ಶಿಬಿರಗಳನ್ನು ನಡೆಸಿದರು. ಮೇಜುಗಳನ್ನು ಸಾಲಾಗಿ ಇಡಲಾಗುತ್ತಿತ್ತು. ಸಹಾಯಕರು ಒಬ್ಬ ರೋಗಿಯನ್ನು ಸಿದ್ಧಗೊಳಿಸುವಷ್ಟರಲ್ಲಿ ಮೋದಿಯವರು ಇನ್ನೊಬ್ಬನ ಶಸ್ತ್ರಚಿಕಿತ್ಸೆಯನ್ನು ಮುಗಿಸಿ ಅತ್ತ ತಿರುಗುತ್ತಿದ್ದರು. ಹೀಗೆ ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದುಂಟು! ಇದು ಸಾಧ್ಯವೇ ಎಂದು ನಿಮಗೆ ಸಂದೇಹ ಬಂದೀತು. ವೇಗದ ಗುಟ್ಟು ಕೈಚಳಕದಲ್ಲಿ ಮಾತ್ರವಲ್ಲ, ಕೆಲಸದ ಹಂಚಿಕೆಯಲ್ಲಿಯೂ ಇತ್ತು.

ಆದರೆ ಪೊರೆ ತೆಗೆದ ಕಣ್ಣುಗಳೆಲ್ಲವೂ ಕಾಣುತ್ತವೆಂದಲ್ಲ. ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವೆಂಬ ತೆಳುವಾದ ಪದರವಿದೆ. ಬಿಂಬವು ಮೂಡುವುದು ಅದರ ಮೇಲೆಯೇ. ಉರಿಯೂತದಿಂದಲೋ ಬೇರೆ ರೋಗದಿಂದಲೋ ಅದು ಕೆಟ್ಟಿದ್ದರೆ ಪೊರೆ ತೆಗೆದೂ ಫಲವಿಲ್ಲ. ಅಕ್ಷಿಪಟಲವನ್ನು ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿಯೇ ಜಗತ್ತಿಗೆ ತಿಳಿಸಿದ್ದನು. ಆದರೆ ಬಲಿತ ಪೊರೆಯ ಆಚೆಗೆ ಅದರಿಂದಲೂ ಏನೂ ಕಾಣದು. ಆಗ ವೈದ್ಯನು ದೀಪವನ್ನು ನಾನಾ ದಿಕ್ಕುಗಳಿಂದ ಹಿಡಿದು, ಬೆಳಕು ಎತ್ತಣಿಂದ ಬರುತ್ತಿದೆಯೆಂದು ರೋಗಿಯನ್ನೇ ಕೇಳುತ್ತಾನೆ. ರೋಗಿಯು ಸರಿಯಾಗಿ ಹೇಳಿದರೆ ಅಕ್ಷಿಪಟಲವು ಬಹುಮಟ್ಟಿಗೆ ಕೆಲಸ ಮಾಡುತ್ತಿದೆಯೆಂದು ತಿಳಿಯಬಹುದು. ಇಂದು ಅಕ್ಷಿಪಟಲದ ಒಂದೊಂದು ಪದರವನ್ನೂ ಚಿತ್ರಿಸಿ, ಅದರ ಊತವನ್ನು ಅಳೆಯುವ ಯಂತ್ರಗಳು ಬಂದಿವೆ. ಮೋದಿಯವರು ಶಿಬಿರಗಳನ್ನು ಆರಂಭಿಸಿದ ಕಾಲದಲ್ಲಿ ಅಂಥವು ಎಲ್ಲಿಯೂ ಇರಲಿಲ್ಲ.

ಭಾರತ ಸರ್ಕಾರವು ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನಿತ್ತು ಗೌರವಿಸಿತು. 1993ರ ಫೆಬ್ರವರಿಯ ವೇಳೆಗೆ ಅವರು 46,120 ಹಳ್ಳಿಗಳನ್ನು ಸಂದರ್ಶಿಸಿ, 6,10,564 ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದರೆಂದು ಗಿನ್ನೆಸ್ ದಾಖಲೆಗಳ ಪುಸ್ತಕವು ಲೆಕ್ಕವಿಟ್ಟಿದೆ. ಮೋದಿಯವರು 2005ರ ನವೆಂಬರಿನಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಆಸ್ಪತ್ರೆಯ ಹೆಸರನ್ನೇ ಹೊತ್ತ ರಸ್ತೆಯೊಂದಿದೆ.